ಮೂತಿ ಅಥೆನ್ಸಿನಲ್ಲಿ, ಮೈ ಲಂಡನ್ನಿನಲ್ಲಿ

ಅಥೆನ್ಸ್, 9 ಫೆಬ್ರವರಿ 1993

ಫ್ರಾಂಗೂಲಿ,

ಲಕೋಟೆಯ ಮೇಲಿನ ಕೈಬರಹ ನೋಡಿ ಇದನ್ನು ಹರಿದೆಸೆಯದೆ ಇದ್ದೀಯೆಂದರೆ ಅದೇ ದೊಡ್ಡದು. ಹತ್ತು ವರ್ಷವಾಯಿತು. ಕ್ರಿಸ್‌ಮಸ್ಸಿಗೆ ಊರಿಗೆ ಹೋದಾಗ ನಿನ್ನ ಅಕ್ಕನ ಹತ್ತಿರ ವಿಳಾಸ ಕೇಳಿದೆ. ಅವಳು ಅರ್ಧ ಗಂಟೆ ಬಾಗಿಲಲ್ಲೇ ನಿಲ್ಲಿಸಿಕೊಂಡು, "ಯಾಕೆ, ಮತ್ತೆ ಬೈಯೋದು ಬಾಕಿ ಇದ್ಯಾ?" ಅಂದಳು. "ಇಲ್ಲ, ಕಲ್ಲಿನ ವಿಷಯ" ಅಂದೆ. ಆಗ ಕೊಟ್ಟಳು.

ನಾನು ಇನ್ನೂ ಅಕ್ರೊಪೊಲಿಸ್ ಬಂಡೆಯ ಮೇಲೇ ಇದ್ದೇನೆ. ಅಲ್ಲಿನ ಪುರಾತನ ಗುಡಿಯ ಹಳೆಯ ಕಲ್ಲಿಗೆ ಹೊಸ ಕಲ್ಲು ಜೋಡಿಸುವ ಕೆಲಸ. ಮೂರು ವಾರದ ಹಿಂದೆ ಬಂಡೆಯ ಬುಡದ ಓಣಿಯಲ್ಲಿರುವ ಮಾರಿಗೊ ಎಂಬ ಎಂಬತ್ತಮೂರರ ಮುದುಕಿ ತರಕಾರಿ ಚೀಲ ಹೊತ್ತುಕೊಂಡು ನಮ್ಮ ಷೆಡ್ಡಿಗೆ ಬಂದಳು. ಮೇಲೆ ನಿಂಬೆಹಣ್ಣು, ಈರುಳ್ಳಿ ಸೊಪ್ಪು. ಅಡಿಯಲ್ಲಿ ಕಲ್ಲು.

"ಮಗಳೇ, ಹಿತ್ತಲ ಮೆಟ್ಟಿಲು ತೊಳೀತಿದ್ದೆ. ಅಲ್ಲಿದ್ದ ಈ ಕಲ್ಲನ್ನ ತಲೆಕೆಳಗು ಮಾಡಿ ನೋಡಿದ್ರೆ ಇದು ಮೂಗು ಕಣೆ! ನಮ್ಮಮ್ಮ ಇದ್ರ ಹೊಳ್ಳೇಲಿ ಅಕ್ರೋಟು ಇಟ್ಟು ಒಡೀತಿದ್ಲು. ನಾನೂ ಅರವತ್ತು ವರ್ಷ ಒಡ್ದಿದ್ದೀನಿ. ದೇವ್ರು ಕ್ಷಮಿಸ್ಲಿ."

ಅದು ಕುದುರೆಯ ಮೂತಿ, ಫ್ರಾಂಗೂಲಿ. ನನ್ನ ಎರಡು ಮುಷ್ಟಿಯಷ್ಟು. ಒಂದು ಹೊಳ್ಳೆ, ಮೇಲ್ದುಟಿ, ಕೆಳದುಟಿಯ ತುದಿ, ಬಾಯಿಯ ಮೂಲೆಯಲ್ಲಿ ಕಂಚಿನ ಕಡಿವಾಣಕ್ಕೆ ಕೊರೆದ ರಂಧ್ರ, ಅದರ ಸುತ್ತ ಹಸಿರು ಕಲೆ. ದೀಪ ಹಿಡಿದು ಹೊಳ್ಳೆಯ ಒಳಗೆ ನೋಡಿದೆ. ಅಲ್ಲೂ ಉಳಿಯ ಗುರುತಿದೆ, ಉಗುರಿನಷ್ಟು ಸಣ್ಣದು. ನಲವತ್ತು ಅಡಿ ಎತ್ತರದಲ್ಲಿ, ಸೂರಿನ ನೆರಳಲ್ಲಿ ಕೂರಬೇಕಾದ ಕಲ್ಲು. ಆ ಹೊಳ್ಳೆಯ ಒಳಗನ್ನು ಯಾರು ಇಣುಕಿ ನೋಡುತ್ತಿದ್ದರು? ಯಾರೂ ಇಲ್ಲ. ಆದರೂ ಕೆತ್ತಿದ್ದಾನೆ. ನಾನು ಆ ದಿನ ಊಟ ಮಾಡಲಿಲ್ಲ.

ಇದರ ಉಳಿದ ಮೈ ನಮ್ಮಲ್ಲಿರುವ ಯಾವ ಕಲ್ಲಿಗೂ ಸೇರುತ್ತಿಲ್ಲ. ಹಾಗಾದರೆ ಇಂಗ್ಲಿಷರು ನಮ್ಮ ಗುಡಿಯಿಂದ ಕಿತ್ತೊಯ್ದ ಕಲ್ಲುಗಳ ಜೊತೆ, ನೀನು ಕಾವಲಿರುವ ಲಂಡನ್ನಿನ ಮ್ಯೂಸಿಯಂನಲ್ಲಿ ಇರಬೇಕು. ನಮ್ಮ ಮುಖ್ಯಸ್ಥ ವ್ರೆತ್ತೊಸ್, "ಮೊಹರು ಹಾಕಿ ಕೇಳಿದ್ರೆ ಎರಡು ವರ್ಷ, ಪರಿಚಯದವರನ್ನ ಕೇಳಿದ್ರೆ ಎರಡು ವಾರ" ಅನ್ನುತ್ತಾರೆ. ಒಡೆದ ಅಂಚಿನ ನಕ್ಷೆಯನ್ನು ಪೆನ್ಸಿಲಿನಲ್ಲಿ ತೆಗೆದು ಇದರೊಳಗಿಟ್ಟಿದ್ದೇನೆ. ನೋಡುತ್ತೀಯಾ?

ಆರ್ಗಿರೊ


ಲಂಡನ್, 3 ಮಾರ್ಚ್ 1993

ಆರ್ಗಿರೊ,

ಹರಿಯಲಿಲ್ಲ. ಒಂದು ವಾರ ಒಡೆಯಲೂ ಇಲ್ಲ.

ನಾನು ಈ ಮ್ಯೂಸಿಯಂಗೆ ಕಾವಲುಗಾರನಾಗಿ ಸೇರಿದ ವರ್ಷ ನೀನು ಬರೆದದ್ದು ಒಂದೇ ಸಾಲು: ಕಳ್ಳನ ಮನೆಯ ಬಾಗಿಲು ಕಾಯುವ ನಾಯಿ. ನಾಯಿಗೆ ಮೂಸಿ ಹುಡುಕುವುದೂ ಬರುತ್ತದೆ ಎಂದು ಈಗ ನೆನಪಾಯಿತೋ?

ಹುಡುಕಿದೆ. ಮೂತಿ ಮುರಿದ ಕುದುರೆಗಳು ನಾನು ಕಾಯುವ ಹಾಲ್‌ನಲ್ಲಿ ಹಲವಿವೆ. ನಿನ್ನ ನಕ್ಷೆಯ ಅಳತೆಗೆ ಹತ್ತಿರ ಬರುವಂಥವು ಮೂರು. ಒಂದರ ಒಡಕು ತೀರ ಸವೆದಿದೆ. ಇನ್ನೊಂದರದು ಚಿಕ್ಕದು. ಮೂರನೆಯದು, ಉತ್ತರದ ಸಾಲಿನದು. ಸವಾರ ಹಿಂದಕ್ಕೆ ತಿರುಗಿ ನೋಡುತ್ತಿದ್ದಾನೆ, ಕುದುರೆ ಕತ್ತು ಬಾಗಿಸಿದೆ. ನಿನ್ನ ನಕ್ಷೆಯ ಕೆಳಗಿನ ಕೊಕ್ಕೆಯಂಥ ಬಾಗು ಅದರಲ್ಲಿಯೂ ಕಂಡ ಹಾಗಾಯಿತು. ಕಂಡ ಹಾಗೆ, ಅಷ್ಟೆ. ಮುಟ್ಟುವಂತಿಲ್ಲ. ಹತ್ತು ವರ್ಷದಲ್ಲಿ ಒಂದು ಸಲವೂ ಮುಟ್ಟಿಲ್ಲ, ಬೇಕಾದರೆ ಬರೆದುಕೊ.

ಕಾಗದದಿಂದ ತೀರ್ಮಾನವಾಗುವುದಿಲ್ಲ. ಪ್ಲಾಸ್ಟರಿನ ಅಚ್ಚು ತೆಗೆದು ಕಳಿಸು. ಅಂಚನ್ನು ಉಜ್ಜಿ ನಯ ಮಾಡಬೇಡ. ನಿನಗೆ ಆ ಚಾಳಿ ಇತ್ತು.

ಫ್ರಾಂಗೂಲಿಸ್


ಅಥೆನ್ಸ್, 30 ಮಾರ್ಚ್ 1993

ಫ್ರಾಂಗೂಲಿ,

ಆ ಚಾಳಿ ಬಿಟ್ಟು ಇಪ್ಪತ್ತು ವರ್ಷವಾಯಿತು, ಮಹಾರಾಯ. ಅಚ್ಚನ್ನು ಹತ್ತಿಯಲ್ಲಿ ಸುತ್ತಿ ಬೇರೆ ಪೆಟ್ಟಿಗೆಯಲ್ಲಿ ಕಳಿಸಿದ್ದೇನೆ. ಮೂರು ಅಚ್ಚು ಹಾಳಾಗಿ ನಾಲ್ಕನೆಯದು ಸರಿಯಾಯಿತು. ಮಾರಿಗೊ ಅಜ್ಜಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು, ಹೆರಿಗೆ ಮನೆಯಲ್ಲಿ ಕೂತ ಹಾಗೆ. ಅಚ್ಚು ಬಿಡಿಸಿದಾಗ ಕೈ ಜೋಡಿಸಿ, "ಅಯ್ಯೋ, ಇದು ಉಸ್ರಾಡ್ತಿದೆ ಕಣೆ" ಅಂದಳು. ವ್ರೆತ್ತೊಸ್ ನಕ್ಕರು. ನಾನು ನಗಲಿಲ್ಲ. ನನಗೂ ಹಾಗೇ ಅನಿಸಿತ್ತು.

ಇಲ್ಲಿ ಗುಡಿಯ ಪಡುವಣ ಬದಿಯ ಕೆತ್ತನೆಪಟ್ಟಿಯ ಕಲ್ಲುಗಳನ್ನು ಊರಿನ ಹೊಗೆಯಿಂದ ಉಳಿಸಲು ಕೆಳಗಿಳಿಸುತ್ತಿದ್ದೇವೆ. ಇಡೀ ಗುಡಿಯ ಸುತ್ತ ಒಂದೇ ಮೆರವಣಿಗೆ ಕೆತ್ತಿದ್ದರಲ್ಲ. ಈಗ ಅದರ ಅರ್ಧ ನಿಮ್ಮಲ್ಲಿ, ಅರ್ಧ ನಮ್ಮಲ್ಲಿ, ಚೂರುಪಾರು ಯಾರ್ಯಾರದೋ ಊರಲ್ಲಿ. ಪೊಸೈಡನ್ ದೇವರ ಎದೆ ಇಲ್ಲಿ, ಭುಜ ಅಲ್ಲಿ. ಪ್ರವಾಸಿಗರಿಗೆ ಇದನ್ನು ಹೇಳುವಾಗ ಮೊದಮೊದಲು ಕೋಪ ಬರುತ್ತಿತ್ತು. ಈಗ ಹೇಳುವಾಗ ನನ್ನ ಭುಜವನ್ನು ನಾನೇ ಮುಟ್ಟಿಕೊಂಡಿರುತ್ತೇನೆ.

ಕೆಲಸದ ಮಾತಲ್ಲದ ಒಂದು ಮಾತು. ನಮ್ಮಿಬ್ಬರಿಗೂ ಉಳಿ ಹಿಡಿಯಲು ಕಲಿಸಿದ ನನ್ನ ಅಪ್ಪ ತೀರಿಕೊಂಡಾಗ ನೀನು ಬರಲಿಲ್ಲ. ಬೈಯಲು ಬರೆಯುತ್ತಿಲ್ಲ. ಕೊನೆಯ ವಾರದಲ್ಲಿ ಅವರು ನಿನ್ನ ಹೆಸರು ಹೇಳಿದರು. "ಆ ಹುಡುಗನ ಕೈಲಿ ಉಳಿ ತಾನೇ ನಡೀತಿತ್ತು" ಅಂದರು. ನಿನಗೆ ತಿಳಿಸಬೇಕಾಗಿತ್ತು. ಆರು ವರ್ಷ ತಡವಾಯಿತು.

ಆರ್ಗಿರೊ


ಲಂಡನ್, 22 ಏಪ್ರಿಲ್ 1993

ಆರ್ಗಿರೊ,

ಕ್ರಿಸ್ತ ಎದ್ದಿದ್ದಾನೆ. ನಿನಗೂ ಊರಿನವರಿಗೂ ಈಸ್ಟರಿನ ಶುಭಾಶಯ. ನಾನು ಕ್ಯಾಮ್‌ಡೆನ್ನಿನ ಸೈಪ್ರಸ್ ಬೇಕರಿಯವನ ಮನೆಯಲ್ಲಿ ಕುರಿಮಾಂಸ ತಿಂದೆ. ಪ್ರತಿ ಭಾನುವಾರ ನಾನು ಕಾಯುವ ಹಾಲ್‌ಗೆ ಬಂದು, ಕಲ್ಲಿನ ಸವಾರರನ್ನು ತೋರಿಸಿ, "ಏನಪ್ಪಾ, ಇವ್ರನ್ನ ಮನೆಗೆ ಯಾವಾಗ ಕಳಿಸ್ತೀಯ?" ಅಂತ ರೇಗಿಸುವವನು ಅವನೇ. "ನನ್ನ ಹತ್ರ ಇರೋದು ಕಕ್ಕಸ್ಸಿನ ಬೀಗದ ಕೈ ಒಂದೇ ಕಣಯ್ಯಾ" ಅನ್ನುತ್ತೇನೆ. ಇಬ್ಬರೂ ನಗುತ್ತೇವೆ. ಆಮೇಲೆ ಇಬ್ಬರೂ ನಿಂತು ಕಲ್ಲು ನೋಡುತ್ತೇವೆ.

ಅಚ್ಚು ಬಂತು. ಮೇಜಿನ ಮೇಲಿಟ್ಟು ಎರಡು ದಿನ ಅದರ ಎದುರೇ ಊಟ ಮಾಡಿದೆ. ನೀನು ಹೇಳಿದ್ದು ನಿಜ, ಹೊಳ್ಳೆಯ ಒಳಗನ್ನೂ ಕೆತ್ತಿದ್ದಾನೆ.

ಅದನ್ನು ಕುದುರೆಗೆ ಕದ್ದುಮುಚ್ಚಿ ಇಟ್ಟು ನೋಡಬಹುದಿತ್ತು. ಬೆಳಿಗ್ಗೆ ಏಳಕ್ಕೆ ಹಾಲ್‌ನಲ್ಲಿ ನಾನೊಬ್ಬನೇ ಇರುತ್ತೇನೆ. ಆದರೆ ಆ ಕಲ್ಲಿನ ಹತ್ತಿರ ಕಳ್ಳತನದಿಂದ ಹೋಗಲು ನನಗೆ ಮನಸ್ಸು ಬರಲಿಲ್ಲ. ಶಿಲ್ಪಗಳ ಮೇಲ್ವಿಚಾರಕಿ ಮಿಸ್ ಐನ್ಸ್ಲಿ ಅವರ ಬಾಗಿಲು ತಟ್ಟಿದೆ. ಕೆಲಸ ಹೋಗಬಹುದೆಂದು ಗೊತ್ತಿತ್ತು. ಕಾವಲುಗಾರನಿಗೆ ಅಥೆನ್ಸಿನ ಜೊತೆ ಪತ್ರವ್ಯವಹಾರ ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಚ್ಚನ್ನು ಅವರ ಮೇಜಿನ ಮೇಲಿಟ್ಟೆ. ತುಂಬ ಹೊತ್ತು ತಿರುಗಿಸಿ ನೋಡಿದರು. "ಇದನ್ನ ಯಾರಿಗೂ ತೋರಿಸ್ಬೇಡಿ. ನಾನು ಮೇಲಿನವರನ್ನ ಕೇಳ್ಬೇಕು" ಅಂದರು. ಅಚ್ಚು ಅವರ ಕಪಾಟಿಗೆ ಹೋಯಿತು. ಇನ್ನೂ ಸುದ್ದಿಯಿಲ್ಲ.

ನಾನು ಇಲ್ಲಿ ಯಾಕೆ ಸೇರಿದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಬಲಗೈಯ ಎರಡು ಬೆರಳು ಹೋದ ಮೇಲೆ ಏಳು ವರ್ಷ ಹಡಗಿನಲ್ಲಿ ಅಡುಗೆ ಮಾಡಿದೆ. ಲಂಡನ್ನಿಗೆ ಬಂದಾಗ ಒಂದು ಮಧ್ಯಾಹ್ನ ಮಳೆಗೆ ಹೆದರಿ ಇದರೊಳಗೆ ಹೊಕ್ಕೆ. ಹಾಲ್‌ನ ಆ ತುದಿಯಿಂದ ಈ ತುದಿಗೆ ಮೆರವಣಿಗೆಯ ಸವಾರರೆಲ್ಲ ಕುದುರೆ ಏರಿ ಬರುತ್ತಿದ್ದರು, ಆರ್ಗಿರೊ. ನೆಲದ ಮೇಲೆ ಕೂತುಬಿಟ್ಟೆ. ಕಾವಲುಗಾರ ಬಂದು ಎಬ್ಬಿಸಿದ. ಮರುವಾರ ಅವನು ಮಾಡುವಂಥ ಕೆಲಸವನ್ನೇ ಕೇಳಿಕೊಂಡು ಹೋದೆ. ಕೆತ್ತಲಾರದವನು ಕಾಯಲಾದರೂ ಕಾಯಲಿ. ದಿನಾ ಬೆಳಿಗ್ಗೆ ದೀಪ ಹಾಕುವಾಗ ನಮ್ಮ ಮಾತಿನಲ್ಲಿ ಅವರಿಗೆ ನಮಸ್ಕಾರ ಹೇಳುತ್ತೇನೆ. ಹೇಳುವವರು ಇನ್ಯಾರಿದ್ದಾರೆ?

ಗುರುಗಳ ಮಾತು ತಿಳಿಸಿದ್ದಕ್ಕೆ ಋಣಿ.

ಫ್ರಾಂಗೂಲಿಸ್


ಅಥೆನ್ಸ್, 11 ಮೇ 1993

ಫ್ರಾಂಗೂಲಿ,

ನಿನ್ನ ಪತ್ರವನ್ನು ಬಂಡೆಯ ಮೇಲೆ, ಎಲ್ಲರೂ ಮನೆಗೆ ಹೋದ ಮೇಲೆ ಓದಿದೆ. ಎರಡು ಬೆರಳು ಹೋದ ಮೇಲೆ ಎಂದು ಬರೆದಿದ್ದೀಯ. ಹೇಗೆ ಹೋದವೆಂದು ಬರೆದಿಲ್ಲ. ಹದಿನೇಳು ವರ್ಷದಿಂದ ನೀನು ಯಾರಿಗೂ ಹೇಳಿಲ್ಲ. ನಾನು ಊರಿಗೆಲ್ಲ ಕಲ್ಲೆತ್ತುವ ಹಗ್ಗ ಜಾರಿತು ಅಂದೆ. ಅಪ್ಪನಿಗೂ ಹಾಗೇ ಹೇಳಿದೆ. ನೀನು ಕೈಗೆ ಬಟ್ಟೆ ಸುತ್ತಿಕೊಂಡು ಪಕ್ಕದಲ್ಲೇ ನಿಂತಿದ್ದೆ. ನೀನೂ "ಹೌದು, ಹಗ್ಗ" ಅಂದೆ.

ಹಗ್ಗ ಜಾರಲಿಲ್ಲ. ಹಾರೆ ನನ್ನ ಕೈಯಲ್ಲಿತ್ತು.

ಅವತ್ತು ಬೆಳಿಗ್ಗೆ ಅಪ್ಪ ತಮ್ಮ ಉಳಿಗಳ ಪೆಟ್ಟಿಗೆ ನಿನಗೆ ಎಂದಿದ್ದರು. ನಾನು ಮಗಳು; ಆರು ವರ್ಷ ಅವರ ಪಕ್ಕದಲ್ಲಿ ದೂಳು ಕುಡಿದವಳು. ಹೊಟ್ಟೆಯಲ್ಲಿ ಬೆಂಕಿಯಿತ್ತು. ಕಲ್ಲಿನ ಕೆಳಗೆ ನಿನ್ನ ಕೈಯಿತ್ತು, ಕಲ್ಲನ್ನು ಮೀಟಿ ಎತ್ತಿ ಹಿಡಿದ ಹಾರೆ ನನ್ನ ಕೈಯಲ್ಲಿತ್ತು. ಅದು ಜಾರಿತೋ, ನಾನು ಬಿಟ್ಟೆನೋ, ಈ ಹದಿನೇಳು ವರ್ಷದಲ್ಲಿ ನನಗೆ ತಿಳಿದಿಲ್ಲ. ನೀನು ಆ ಮ್ಯೂಸಿಯಂ ಕೆಲಸಕ್ಕೆ ಸೇರಿದ ಸುದ್ದಿ ಬಂದಾಗ ನಿನ್ನನ್ನು ಬೈಯಲು ಒಂದು ಕಾರಣ ಸಿಕ್ಕಿತಲ್ಲ ಎಂದು ನನಗೆ ಸಮಾಧಾನವಾಯಿತು. ಅದೂ ನಿನಗೆ ಗೊತ್ತಿರಲಿ.

ಇದಕ್ಕೆ ಉತ್ತರ ಬರೆಯದಿದ್ದರೂ ಸರಿ. ಕುದುರೆಯ ಸುದ್ದಿ ಮಾತ್ರ ತಿಳಿಸು.

ಆರ್ಗಿರೊ


ಲಂಡನ್, 8 ಜೂನ್ 1993

ಆರ್ಗಿರೊ,

ಮೊದಲು ಕುದುರೆಯ ಸುದ್ದಿ.

ನಿನ್ನೆ ಸೋಮವಾರ, ಬೆಳಿಗ್ಗೆ ಏಳೂವರೆ. ಮಿಸ್ ಐನ್ಸ್ಲಿ, ಕಲ್ಲಿನ ಆರೈಕೆ ಮಾಡುವ ಒಬ್ಬ ತಜ್ಞ, ನೆಲ ಒರೆಸುವ ಜಮೈಕಾದ ಹೆಂಗಸು ಮತ್ತು ನಾನು. ಮೇಲಿನವರು ಒಪ್ಪಿದ್ದರು: ಅಚ್ಚು ಮಾತ್ರ, ಹದಿನೈದು ನಿಮಿಷ, ಫೋಟೊ ನಾವೇ ತೆಗೆಯುತ್ತೇವೆ. ಮಿಸ್ ಐನ್ಸ್ಲಿ ಅಚ್ಚನ್ನು ಕೈಯಲ್ಲಿ ಹಿಡಿದು ಕುದುರೆಯ ಮುಂದೆ ನಿಂತರು, ಆಮೇಲೆ ನನ್ನ ಕಡೆ ತಿರುಗಿದರು. "ನೀವು ಕಲ್ಲುಕೆಲಸದವರಲ್ವಾ? ನೀವೇ ಇಡಿ."

ಈ ದೇಶದಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ.

ಕೈಗವಸಿನ ಎರಡು ಬೆರಳು ಖಾಲಿ ನೇತಾಡುತ್ತಿದ್ದವು. ಅಚ್ಚನ್ನು ಒಡಕಿನ ಹತ್ತಿರ ತಂದೆ. ಕೂರಲಿಲ್ಲ. ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿದೆ. ಆಗ ನಾನು ಒತ್ತಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅದು ತಾನಾಗಿ ನನ್ನ ಕೈಯಿಂದ ಹೋಗಿ ಒಡಕಿನಲ್ಲಿ ಕೂತಿತು. ನೀರು ನೀರಿಗೆ ಸೇರಿದ ಹಾಗೆ. ತಜ್ಞ ಹಿಂದಿನಿಂದ ದೀಪ ಹಿಡಿದ. ಸಂದಿನಲ್ಲಿ ಒಂದೆಳೆ ಬೆಳಕೂ ತೂರಲಿಲ್ಲ.

ಕೆನ್ನೆಯ ಮೇಲೆ ಒಂದು ನರವಿದೆ. ಹತ್ತು ವರ್ಷ ನೋಡಿದ್ದೇನೆ, ಒಡಕಿನ ಅಂಚಿನಲ್ಲಿ ಕಡಿದು ನಿಲ್ಲುತ್ತಿತ್ತು. ನಿನ್ನೆ ಅದು ನಿಲ್ಲಲಿಲ್ಲ. ಕಲ್ಲಿನಿಂದಿಳಿದು, ಒಡಕು ದಾಟಿ, ತುಟಿಯವರೆಗೆ ಓಡಿತು. ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಎಳೆದ ಗೆರೆ ಅದು. ಅವನ ಕೈಯ ಒತ್ತಡ ನನಗೆ ಗೊತ್ತಾಯಿತು. ಎಲ್ಲಿ ನಿಧಾನಿಸಿದ, ಎಲ್ಲಿ ಹಗುರ ಮಾಡಿದ, ಎಲ್ಲ.

ಮತ್ತೆ ಆ ಕುದುರೆ! ನಾನು ಇಷ್ಟು ವರ್ಷ ಅದು ನೋವಿನಿಂದ ಕತ್ತು ಬಾಗಿಸಿದೆ ಅಂದುಕೊಂಡಿದ್ದೆ. ಮೂತಿ ಕೂತ ಮೇಲೆ ನೋಡಿದರೆ ಅದಕ್ಕೆ ನೋವೇ ಇಲ್ಲ. ಹೊಳ್ಳೆ ಅರಳಿಸಿ ಗಾಳಿ ಎಳೆದುಕೊಳ್ಳುತ್ತಿದೆ. ಹೊರಡುವ ಮೊದಲು ಕುದುರೆಗಳು ಎಳೆದುಕೊಳ್ಳುತ್ತವಲ್ಲ, ಹಾಗೆ.

ನೆಲ ಒರೆಸುವ ಹೆಂಗಸು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಮಿಸ್ ಐನ್ಸ್ಲಿ ಆ ಒದ್ದೆ ನೆಲದ ಮೇಲೇ ಕೂತರು. "ಇಪ್ಪತ್ತಾರು ವರ್ಷದಿಂದ ಇದನ್ನ ನೋಡ್ತಾ ಇದ್ದೀನಿ. ಪುಸ್ತಕಾನೂ ಬರೆದಿದ್ದೀನಿ. ನನಗೇನೂ ಗೊತ್ತಿರ್ಲಿಲ್ಲ" ಅಂದರು. ಆಮೇಲೆ, "ಕೂಡುತ್ತೆ ಅಂತ ವರದಿ ಬರೀತೀನಿ. ಎಲ್ಲಿ ಕೂಡ್ಬೇಕು ಅಂತ ಬರೆಯೋ ಅಧಿಕಾರ ನನಗಿಲ್ಲ" ಅಂದರು. "ನಾನು ಕೇಳ್ಲಿಲ್ಲವಲ್ಲ ಮೇಡಂ" ಅಂದೆ. "ಕೇಳ್ಲಿಲ್ಲ. ಅದಕ್ಕೇ ಕಷ್ಟವಾಗ್ತಿದೆ" ಅಂದರು.

ಹನ್ನೊಂದು ನಿಮಿಷ ಕುದುರೆ ಪೂರ್ತಿಯಾಗಿತ್ತು. ಆಮೇಲೆ ನಾನೇ ಬಿಡಿಸಬೇಕಾಯಿತು. ಹತ್ತಕ್ಕೆ ಬಾಗಿಲು ತೆರೆದರು, ಜನ ಬಂದರು, ನಾನು ನನ್ನ ಜಾಗದಲ್ಲಿ ನಿಂತೆ.

ಇನ್ನು ಹಾರೆಯ ಮಾತು. ಆ ಕ್ಷಣ ನೀನು ಕಲ್ಲು ನೋಡುತ್ತಿದ್ದೆ. ನಾನು ನಿನ್ನ ಮುಖ ನೋಡುತ್ತಿದ್ದೆ. ಜಾರಿತು, ಆರ್ಗಿರೊ. ಬೇಕೆಂದು ಬಿಟ್ಟವರ ಮುಖ ಹಾಗಿರುವುದಿಲ್ಲ. ನೀನು ಒಂದು ಸಲ ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ.

ನಿನ್ನ ಫ್ರಾಂಗೂಲಿಸ್


ಅಥೆನ್ಸ್, 26 ಜೂನ್ 1993

ನನ್ನ ಫ್ರಾಂಗೂಲಿ,

ಕೊನೆಯ ನಾಲ್ಕು ಸಾಲಿಗೆ ಏನು ಬರೆಯಬೇಕೋ ತಿಳಿಯದೆ ಹದಿನೈದು ದಿನ ಕಳೆದವು. ಬರೆಯುವುದಿಲ್ಲ. ಬಾ. ರಜೆ ಹಾಕಿ ಬಾ. ಇಲ್ಲಿ ನಿಜವಾದ ಮೂತಿಯಿದೆ, ಅದನ್ನು ಮುಟ್ಟಲು ನಿನಗೆ ಯಾರ ಅಪ್ಪಣೆಯೂ ಬೇಡ.

ಆರ್ಗಿರೊ


ಅಥೆನ್ಸ್, 2 ಅಕ್ಟೋಬರ್ 1993

ಫ್ರಾಂಗೂಲಿ,

ನೀನು ಬಂದು ಹತ್ತು ದಿನ ಇದ್ದು ಹೋದೆ; ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ನೀನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಪತ್ರದಲ್ಲಿ ಇಷ್ಟು ಬಾಯಿ ಬರುವವರಿಗೆ ಎದುರೆದುರು ಏನಾಗುತ್ತದೋ!

ಮಾರಿಗೊ ಅಜ್ಜಿ ಇನ್ನೂ ನಿನ್ನನ್ನೇ ಅನುಕರಿಸಿ ಓಣಿಯವರನ್ನೆಲ್ಲ ನಗಿಸುತ್ತಿದ್ದಾಳೆ. "'ಅಲ್ಲಿ ಬಾಗ್ಲು ಕಾಯೋನು ನೀನೇನಾ? ಅಷ್ಟು ದೂರದಿಂದ ಬರೀಗೈಲಿ ಬಂದ್ಯಾ?' ಅಂತ ಕೇಳ್ದೆ. 'ಕುದುರೆ ಚೀಲದಲ್ಲಿ ಹಿಡಿಸ್ಲಿಲ್ಲ ಅಜ್ಜಿ' ಅಂದ ಕಳ್ಳ! 'ಮುಂದಿನ ಸಲ ನನ್ನ ಚೀಲ ಒಯ್ಯಿ' ಅಂದೆ."

ಆದರೆ ನಾನು ಬರೆಯಬೇಕೆಂದಿರುವುದು ಬೇರೆ. ಷೆಡ್ಡಿನಲ್ಲಿ ನೀನು ಕಣ್ಣು ಮುಚ್ಚಿ ಆ ಕಲ್ಲಿನ ಮೇಲೆ ಬಲಗೈ ಇಟ್ಟೆ. ನಾವೆಲ್ಲ ಇದ್ದೇವೆಂದು ನಿನಗೆ ಮರೆತೇ ಹೋಗಿತ್ತು. ಮೆಲ್ಲಗೆ, ಊರಿನ ಸುದ್ದಿ ಹೇಳುವವರ ಹಾಗೆ, "ನಿನ್ನ ಮೈ ಚೆನ್ನಾಗಿದೆ. ದಿನಾ ನೋಡ್ಕೋತೀನಿ. ಚಳೀಲೇನೂ ಇಲ್ಲ" ಅಂದೆ. ವ್ರೆತ್ತೊಸ್ ಕಿಟಕಿಯ ಕಡೆ ತಿರುಗಿದರು. ನಲವತ್ತು ವರ್ಷ ಕಲ್ಲಿನ ಜೊತೆ ಬಾಳಿದ ಮನುಷ್ಯ. ಆಮೇಲೆ ನನ್ನನ್ನು ಕರೆದು, "ಅವನನ್ನ ಇಲ್ಲೇ ಉಳಿಸ್ಕೋ. ಕೆತ್ತೋಕೆ ಬೆರಳು ಬೇಕು, ಕಲಿಸೋಕೆ ಕಣ್ಣು ಸಾಕು" ಅಂದರು. ಜಾಗ ಖಾಲಿಯಿದೆ. ನಾನು ಕೇಳಿದಾಗ ನೀನು "ಪತ್ರ ಬರೀತೀನಿ" ಅಂದೆ. ಬರೆ.

ನಿನ್ನ ಆರ್ಗಿರೊ


ಲಂಡನ್, 19 ಅಕ್ಟೋಬರ್ 1993

ಆರ್ಗಿರೊ,

ಬರುವುದಿಲ್ಲ. ಸಿಟ್ಟು ಮಾಡಿಕೊಳ್ಳಬೇಡ, ಪೂರ್ತಿ ಓದು.

ಬಂಡೆಯ ಮೇಲೆ ಆ ಹತ್ತು ದಿನ ನನ್ನ ಜನ್ಮದಲ್ಲಿ ಇನ್ನೊಮ್ಮೆ ಬರಲಾರವು. ಮೇಲೆ ನಿಂತು, ಈ ಸವಾರರೆಲ್ಲ ಎಲ್ಲಿಂದ ಹೊರಟಿದ್ದರು, ಯಾವ ಬೆಳಕಿನಲ್ಲಿ ನಡೆದಿದ್ದರು ಎಂದು ಕಣ್ಣಾರೆ ನೋಡಿದೆ. ಆ ಬೆಳಕು ನೋಡಿದ ಮೇಲೆ ಇಲ್ಲಿನ ಹಾಲ್‌ಗೆ ಕಾಲಿಡಲು ಮೊದಲ ದಿನ ಕಷ್ಟವಾಯಿತು. ದೀಪ ಹಾಕಿ, ನಮಸ್ಕಾರ ಹೇಳಿ, ಊರಿನ ಸುದ್ದಿಯೆಲ್ಲ ಹೇಳಿದೆ. ಹೇಳುತ್ತಿದ್ದ ಹಾಗೆ ತಿಳಿಯಿತು: ಇವರು ಇಲ್ಲಿರುವಷ್ಟು ದಿನ ನಾನೂ ಇಲ್ಲೇ. ಬೆಳಗಾದರೆ ಇವರ ಮಾತಿನಲ್ಲಿ ಇವರನ್ನು ಎಬ್ಬಿಸಲು ಒಬ್ಬನಾದರೂ ಬೇಕು. ನನ್ನ ನಿವೃತ್ತಿಗೆ ಇನ್ನೂ ಇಪ್ಪತ್ತು ವರ್ಷವಿದೆ. ಅಷ್ಟರಲ್ಲಿ ಇವರು ಹೊರಟರೆ ಪೆಟ್ಟಿಗೆಯ ಪಕ್ಕದಲ್ಲಿ ಕೂತು ನಾನೂ ಬರುತ್ತೇನೆ. ಹೊರಡದಿದ್ದರೆ, ಇನ್ನೊಬ್ಬ ಊರಿನವನಿಗೆ ಒಪ್ಪಿಸಿ ಬರುತ್ತೇನೆ.

ಮಿಸ್ ಐನ್ಸ್ಲಿ ನಾಲ್ಕು ತಿಂಗಳು ಯಾರ್ಯಾರ ಜೊತೆಗೋ ವಾದ ಮಾಡಿ ಒಂದು ಕೆಲಸ ಮಾಡಿಸಿದ್ದಾರೆ. ಕುದುರೆಯ ಕೆಳಗಿನ ಫಲಕ ಹೊಸದಾಗಿದೆ. ಕೊನೆಯಲ್ಲಿ ಒಂದು ಸಾಲು ಸೇರಿದೆ: "ಮೂತಿ ಅಥೆನ್ಸಿನಲ್ಲಿದೆ." ಅಷ್ಟೆ. ನೋಡಲು ಸಣ್ಣ ಸಾಲು. ಆದರೆ ಜನ ಅದರ ಮುಂದೆ ನಿಲ್ಲುತ್ತಾರೆ. ಮೊದಲು ಯಾರೂ ಅಲ್ಲಿ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ನಿನ್ನೆ ಯಾರ್ಕ್‌ಶೈರಿನಿಂದ ಒಬ್ಬ ವಯಸ್ಸಾದ ಹೆಂಗಸು ಬಂದಿದ್ದಳು. ಜೀವನವೆಲ್ಲ ಕುದುರೆ ಸಾಕಿದವಳಂತೆ, ಕೋಲೂರಿಕೊಂಡು ಬಂದಳು. ಫಲಕ ಓದಿದಳು, ಕುದುರೆ ನೋಡಿದಳು, ಮತ್ತೆ ಫಲಕ ಓದಿದಳು. ಆಮೇಲೆ ನನ್ನ ಹತ್ತಿರ ಬಂದು, "ಹಾಗಾದ್ರೆ ಇದರ ಉಸಿರು ಒಂದು ಕಡೆ, ಮೈ ಇನ್ನೊಂದು ಕಡೆ. ಇದು ಸರೀನಾ?" ಅಂದಳು.

ಕಾವಲುಗಾರರು ಅಭಿಪ್ರಾಯ ಹೇಳಬಾರದೆಂದು ನಿಯಮವಿದೆ. ಹೇಳಲಿಲ್ಲ.

"ಇದು ಮನೆ ಬಿಟ್ಟು ನೂರ ತೊಂಬತ್ತು ವರ್ಷ ದಾಟ್ತು, ಅಮ್ಮ" ಎಂದೆ.

ಅವಳು ಕೋಲನ್ನು ಗೋಡೆಗೆ ಒರಗಿಸಿದಳು. ಬೆಂಚಿನ ಮೇಲೆ ಕೂತು, ಬಾಗಿಲು ಮುಚ್ಚುವ ಗಂಟೆ ಹೊಡೆಯುವವರೆಗೂ ಆ ಕುದುರೆಯ ಎದುರಿನಿಂದ ಏಳಲಿಲ್ಲ.

ನಿನ್ನ
ಫ್ರಾಂಗೂಲಿಸ್